ಅಸ್ತರಿನ ಕೆಳಗಿನ ಹಾಳೆಗಳು

ಜರ್ಮನಿಯ ವಿದೇಶಿಯರ ಕಚೇರಿಯ ಟರ್ಮಿನ್‌ಗೆ, ಅಂದರೆ ಅವರು ಕೊಟ್ಟ ಭೇಟಿಯ ದಿನಕ್ಕೆ, ಒಂಬತ್ತು ದಿನ ಉಳಿದಿತ್ತು. ಮೂಲ ಪದವಿಪತ್ರ ತೋರಿಸಿದರೆ ಕೆಲಸದ ವೀಸಾ. ಇಲ್ಲದಿದ್ದರೆ ವೋಲ್ಫ್ಸ್‌ಬುರ್ಗ್‌ನ ಹೊಸ ಕೆಲಸ ಕೈತಪ್ಪುತ್ತಿತ್ತು. ಫೈಲು ತೆಗೆದು ನೋಡಿದರೆ ಜೆರಾಕ್ಸ್ ಪ್ರತಿಗಳು ಮಾತ್ರ ಇದ್ದವು. ಮೂಲಪ್ರತಿಗಳು ಎಲ್ಲಿವೆ ಎಂದು ನೆನಪಾದಾಗ ನೆಲದ ಮೇಲೆ ಕೂತುಬಿಟ್ಟೆ.

ಮೈಸೂರಿನ ನಮ್ಮ ಮನೆಯಲ್ಲಿ ಮುಖ್ಯವಾದ ಕಾಗದಗಳನ್ನು ಪೆಟ್ಟಿಗೆಯ ತಳಕ್ಕೆ ಹಾಸಿದ ಪೇಪರಿನ ಕೆಳಗೆ ಇಡುತ್ತಾರೆ. ಹಿಂದಿನ ವಾರ ಬ್ರೌನ್‌ಶ್ವೈಗ್‌ನಿಂದ ವೋಲ್ಫ್ಸ್‌ಬುರ್ಗ್‌ಗೆ ಮನೆ ಬದಲಾಯಿಸುವ ದಿನ ನಾನೂ ಹಾಗೇ ಮಾಡಿದ್ದೆ. ಆನ್‌ಲೈನಿನಲ್ಲಿ ತರಿಸಿದ್ದ ಹೊಸ ಕಪ್ಪು ಸೂಟ್‌ಕೇಸಿನ ಅಸ್ತರಿಗೊಂದು ಜಿಪ್ ಇತ್ತು. ಅದನ್ನು ತೆರೆದು, ಕಾಗದಗಳ ಪ್ಲಾಸ್ಟಿಕ್ ಕವರನ್ನು ಒಳಗೆ ಚಪ್ಪಟೆಯಾಗಿ ಸೇರಿಸಿದೆ. ಸ್ಟೇಷನ್ನಿನಲ್ಲೇ ಒಂದು ಗಾಲಿ ಮುರಿಯಿತು. ಮನೆ ಮುಟ್ಟಿದ ಮೇಲೆ ಬಟ್ಟೆ ತೆಗೆದು, ಒಳಗೆಲ್ಲ ಒರೆಸಿ, ರಿಟರ್ನ್ ಚೀಟಿ ಅಂಟಿಸಿ ಕಳಿಸಿಬಿಟ್ಟೆ. ಒರೆಸಿದ್ದು ಚೆನ್ನಾಗಿ ನೆನಪಿದೆ.

ಕವರಿನಲ್ಲಿ ಪದವಿಪತ್ರದ ಜೊತೆಗೆ ಎಲ್ಲ ಅಂಕಪಟ್ಟಿಗಳೂ ಇದ್ದವು. ಐದನೇ ಸೆಮಿಸ್ಟರಿನದು ಎರಡು. ಮೊದಲನೆಯದರಲ್ಲಿ ನಾನು ಮೂರು ವಿಷಯಗಳಲ್ಲಿ ಫೇಲಾಗಿದ್ದೆ. ಅದನ್ನು ಮನೆಯವರಿಗೂ ಗೆಳತಿಯರಿಗೂ ಹೇಳಿರಲಿಲ್ಲ.

ಅಂಗಡಿಯ ಸಹಾಯವಾಣಿಯವರು ಗೋದಾಮಿಗೆ ಬಂದ ವಸ್ತುವನ್ನು ಬಿಡಿಯಾಗಿ ಹುಡುಕಲು ಸಾಧ್ಯವಿಲ್ಲ ಎಂದು ಬರೆದರು. ಆ ಗೋದಾಮಿನ ಊರಿನ ಹೆಸರು ರಸೀದಿಯಲ್ಲಿತ್ತು. ಅದನ್ನು ಎಲ್ಲೋ ನೋಡಿದ ನೆನಪು. ಈ ಭಾಗದ ಕನ್ನಡಿಗರ ವಾಟ್ಸಾಪ್ ಗ್ರೂಪಿನಲ್ಲಿ, ಅದೇ ಊರಿನ ರಿಟರ್ನ್ಸ್ ಗೋದಾಮಿಗೆ ಕೆಲಸಕ್ಕೆ ಹೋಗಿಬರಲು ಕಾರಿನಲ್ಲಿ ಜೊತೆ ಯಾರಾದರೂ ಇದ್ದಾರೆಯೇ ಎಂದು ಒಬ್ಬರು ಕೇಳಿದ್ದರು. ಧಾರವಾಡದ ಕಡೆಯ ಅಕ್ಕ. ಅವರ ಗಂಡ ಇಲ್ಲಿನ ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್. ಗ್ರೂಪಿನಲ್ಲಿ ನಾನು ಒಮ್ಮೆಯೂ ಏನನ್ನೂ ಬರೆದವಳಲ್ಲ. ಮೂರು ಸಲ ನಂಬರ್ ಒತ್ತಿ ಕತ್ತರಿಸಿ, ನಾಲ್ಕನೇ ಸಲ ಮಾತಾಡಿ, ಕಪ್ಪು ಸೂಟ್‌ಕೇಸು, ಮುರಿದ ಗಾಲಿ, ಅಸ್ತರಿನೊಳಗಿನ ಕಾಗದಗಳ ಕಥೆ ಹೇಳಿದೆ.

"ಒಂದ ವರ್ಷ ಆತು, ಗ್ರೂಪ್‌ನ್ಯಾಗ ಒಂದ ಹೂಂ ಅಂದಿಲ್ಲ ನೀ," ಎಂದು ಅವರು ನಕ್ಕರು. "ಈಗ ಬಾಯಿ ಬಿಟ್ಟಿ ಅಂದ್ರ ಪೆಟ್ಟಿಗಿ ಕಳದೈತಿ ಅಂತಿ!"

"ಸಾರಿ ಅಕ್ಕ. ತೊಂದ್ರೆ ಕೊಡ್ತಾ ಇದೀನಿ."

"ತೊಂದ್ರಿ ಇರ್ಲಿ. ಯಾವ ಗಾಲಿ ಮುರದೈತಿ, ಅದನ್ನ ಹೇಳು."

"ಹಿಂದಿಂದು. ಬಲಗಡೆ."

"ಹಂಗಾರ ಸಿ ಒಳಗ ಹೋಗಿರ್ತೈತಿ."

ಆಮೇಲೆ ಬಿಡಿಸಿ ಹೇಳಿದರು. ಬಂದ ಪ್ರತಿ ಡಬ್ಬಿಯನ್ನೂ ಮೇಜಿನ ಮೇಲೆ ಬಿಚ್ಚುತ್ತಾರೆ, ಮೂಸುತ್ತಾರೆ, ಕಿಸೆಗಳನ್ನು ನೋಡುತ್ತಾರೆ. ಹೊಸದರಂತಿದ್ದರೆ ಎ, ಮತ್ತೆ ಅಂಗಡಿಗೆ. ಒರೆಸಿ ಡಬ್ಬಿ ಬದಲಿಸಬೇಕಾದದ್ದು ಬಿ. ಮುರಿದದ್ದು ಸಿ, ಅದನ್ನು ರಾಶಿ ಹಾಕಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಸಗಟು ಕೊಳ್ಳುವವರ ಲಾರಿಗೆ ಏರಿಸುತ್ತಾರೆ. ಕಿಸೆಯಲ್ಲಿ ಏನಾದರೂ ಸಿಕ್ಕರೆ ಹಳದಿ ಕ್ರೇಟಿಗೆ. ಆದರೆ ಅಸ್ತರಿನ ಜಿಪ್ ತೆರೆಯಬೇಕೆಂದು ಅವರ ಪಟ್ಟಿಯಲ್ಲಿಲ್ಲ.

"ಲಾರಿ ಯಾವಾಗ, ಅಕ್ಕ?"

"ನಾಡದು."

ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಫೋನ್ ಬಂತು. "ಸಿಕ್ಕಾವ. ಗೇಟಿಗೆ ಬಾ, ಪಾಸ್‌ಪೋರ್ಟ್ ತಗೊಂಡು."

ಗೇಟಿನ ಪಕ್ಕದ ಸಣ್ಣ ಕೋಣೆಯಲ್ಲಿ ಅಕ್ಕ ಕಿತ್ತಳೆ ಬಣ್ಣದ ಅಂಗಿಯಲ್ಲಿ ನಿಂತಿದ್ದರು. ನನಗಿಂತ ಗಿಡ್ಡ. ನಾವು ಭೇಟಿಯಾದದ್ದು ಅದೇ ಮೊದಲು. ಸುತ್ತಿದ ರಾಶಿಯನ್ನು ಬಿಚ್ಚಲು ಶಿಫ್ಟ್ ಲೀಡರ್ ಮೊದಲು ಒಪ್ಪಿರಲಿಲ್ಲವಂತೆ.

"ಯಾರದು ಅಂತ ಕೇಳಿದ. ನನ್ನ ತಂಗೀದು ಅಂದೆ. ಹಂಗಾರ ನಿನ್ನ ಊಟದ ಹೊತ್ತಿನ್ಯಾಗ ಹುಡುಕು, ತಿರುಗಿ ನೀನ ಸುತ್ತಬೇಕು ಅಂದ."

"ನೀವು ಊಟ ಮಾಡ್ಲಿಲ್ವಾ?"

"ಹದಿನಾಲ್ಕ ಕರೇ ಪೆಟ್ಟಿಗಿ ಇದ್ದುವು. ಹಿಂದಿನ ಬಲಗಾಲಿ ಮುರದದ್ದು ಮೂರು. ಮೂರರಾಗೂ ತಳದಾಗ ಕೈ ಆಡಿಸಿದೆ. ನಮ್ಮವ್ವನೂ ಹಿಂಗ ಇಡತಿದ್ಲು."

ಸಿಕ್ಕ ವಸ್ತುವನ್ನು ಒಂದೊಂದಾಗಿ ನೋಡಿ ಫಾರಂನಲ್ಲಿ ಬರೆಯಬೇಕೆಂಬ ನಿಯಮವಿದೆ. ಅಕ್ಕ ಜರ್ಮನ್‌ನಲ್ಲಿ ಬರೆದದ್ದು ಇಷ್ಟೇ: ಪ್ರಮಾಣಪತ್ರಗಳು, ಹತ್ತು ಹಾಳೆ. ನಾನು ಸಹಿ ಹಾಕಿದೆ. ಕವರನ್ನು ಬ್ಯಾಗಿನೊಳಗೆ ಇಟ್ಟುಕೊಂಡೆ. "ಹೋಗು, ಬಸ್ ತಪ್ಪತೈತಿ," ಎಂದು ಅಕ್ಕ ಬೆನ್ನು ತಟ್ಟಿದರು.

ಬಸ್ಸಿನಲ್ಲಿ ಕವರು ತೆರೆದೆ. ನಾನು ಸೆಮಿಸ್ಟರಿನ ಕ್ರಮದಲ್ಲಿ ಜೋಡಿಸಿಟ್ಟಿದ್ದೆ. ಈಗ ಪದವಿಪತ್ರ ಮೇಲಿತ್ತು. ಫೇಲಾದ ಅಂಕಪಟ್ಟಿ ಎಲ್ಲಕ್ಕಿಂತ ಕೆಳಗೆ, ಒಳಮುಖವಾಗಿತ್ತು. ಗೇಟಿನ ಕಾವಲುಗಾರರು ಕವರನ್ನು ಯಾವ ಕಡೆಯಿಂದ ನೋಡಿದರೂ ಅದು ಕಾಣುತ್ತಿರಲಿಲ್ಲ.

ಟರ್ಮಿನ್ ಹತ್ತು ನಿಮಿಷದಲ್ಲಿ ಮುಗಿಯಿತು. ವೀಸಾ ಸಿಕ್ಕಿತು.

ಆ ವರ್ಷ ಗ್ರೂಪಿನವರ ಯುಗಾದಿ ಊಟಕ್ಕೆ ಮೊದಲ ಬಾರಿ ಹೋದೆ. ಪೆಟ್ಟಿಗೆಯ ಸುದ್ದಿ ಹೇಗೋ ಹಬ್ಬಿತ್ತು. "ಅಂಥದ್ದೇನಿತ್ರೀ ಅದ್ರಲ್ಲಿ?" ಎಂದು ಪಂಕ್ತಿಯಲ್ಲಿ ಒಬ್ಬರು ಅಕ್ಕನನ್ನೇ ಕೇಳಿದರು.

"ಹಾಳಿ ಇದ್ದುವ್ರೀ. ನೀವು ಹೋಳಿಗಿ ಹಾಕ್ಕೊಳ್ರಿ, ಆರತಾವ," ಎಂದು ಅಕ್ಕ ತುಪ್ಪ ಬಡಿಸುತ್ತ ಮುಂದೆ ಹೋದರು.

ಎಲ್ಲರೂ ಹೋದ ಮೇಲೆ ಪಾತ್ರೆ ತೊಳೆಯಲು ನಾನು ಉಳಿದೆ. ಅಕ್ಕ ಒರೆಸುತ್ತಿದ್ದರು.

"ಅಕ್ಕ, ಆ ಐದನೇ ಸೆಮಿಸ್ಟರ್..."

"ಯಾವ ಸೆಮಿಸ್ಟರ್?" ಎಂದರು, ತಟ್ಟೆಯಿಂದ ಕಣ್ಣೆತ್ತದೆ.

ನಲ್ಲಿ ನಿಲ್ಲಿಸಿ, ನಾನು ಮೊದಲಿನಿಂದ ಹೇಳತೊಡಗಿದೆ.