ರಂಗೋಲಿ ಹೊತ್ತಿನ ಗಸ್ತು

ಹೆಡ್ ಕಾನ್‌ಸ್ಟೇಬಲ್ ಮಂಚಯ್ಯನಿಗೆ ಮೀಸೆಗಿಂತ ಹೆಚ್ಚು ಹೆಮ್ಮೆಯಿದ್ದದ್ದು ತಾನು ಹಾಕಿಕೊಟ್ಟ ಗಸ್ತಿನ ದಾರಿಯ ಮೇಲೆ. ಸಾಲಿಗ್ರಾಮದ ಕಡೆಯ ಈ ಮನುಷ್ಯ ಠಾಣೆಗೆ ಬಂದಾಗಿನಿಂದ ಬೀಟಿನ ಬೈಕು ಎಲ್ಲಿಂದ ಹೊರಟು ಎಲ್ಲಿ ತಿರುಗಬೇಕೆಂದು ಹೇಳುವವನು ಅವನೇ. ಬಸ್ ಸ್ಟ್ಯಾಂಡ್, ಬಜಾರ್, ತಾಲ್ಲೂಕು ಕಚೇರಿ, ಮತ್ತೆ ಬಜಾರ್. ಎಲ್ಲವೂ ದೊಡ್ಡವರ ಕಣ್ಣಿಗೆ ಬೀಳುವ ರಸ್ತೆಗಳೇ. ನಮಸ್ಕಾರ ಬೇಕಾದಷ್ಟು ಸಿಗುತ್ತಿತ್ತು, ಕಳ್ಳರು ಮಾತ್ರ ಸಿಗುತ್ತಿರಲಿಲ್ಲ.

ಹೆಚ್.ಡಿ. ಕೋಟೆ ಕಡೆಯ ಚೈತ್ರ ಎಂಬ ಹುಡುಗಿ ಕಾನ್‌ಸ್ಟೇಬಲ್ ಆಗಿ ಬಂದಳು. ಸರ ಕೀಳುವವರು ಬರುವುದು ಬೆಳಗ್ಗೆ, ಹೆಂಗಸರು ಬಾಗಿಲಿಗೆ ನೀರು ಹಾಕಿ ಬಗ್ಗಿ ರಂಗೋಲಿ ಬಿಡುವಾಗ ಎಂದು ಇನ್‌ಸ್ಪೆಕ್ಟರಿಗೆ ಹೇಳಿ, ಹಿಂದಿನ ಬೀದಿಗಳನ್ನೆಲ್ಲ ಒಂದೇ ಸುತ್ತಿಗೆ ಜೋಡಿಸಿ ಹೊಸ ದಾರಿ ಹಾಕಿದಳು. ಹೋದ ಬೀದಿಗೇ ಮತ್ತೆ ಹೋಗಬೇಕಿರಲಿಲ್ಲ. ಪೆಟ್ರೋಲೂ ಉಳಿಯಿತು. ಇನ್‌ಸ್ಪೆಕ್ಟರು ಎಲ್ಲರೆದುರು ಅವಳನ್ನು ಹೊಗಳಿದರು. ಅಂದು ಮಧ್ಯಾಹ್ನ ಮಂಚಯ್ಯ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದ.

"ರಂಗೋಲಿ ನೋಡಕ್ಕೆ ಪೊಲೀಸ್ನೋರು ಬೇಕೇನ್ಲಾ?" ಎಂದು ಜೊತೆಯ ಪೇದೆ ಲಿಂಗರಾಜುವಿನ ಹತ್ತಿರ ಕೊಂಕು ತೆಗೆದ. ಆದರೆ ಸರ ಕೀಳುವುದು ನಿಂತಿತು. ಆ ಬೀದಿಗಳ ಹೆಂಗಸರು ಚೈತ್ರಳ ಬೈಕಿನ ಸದ್ದಿಗೇ ತಲೆಯೆತ್ತಿ ನಗುತ್ತಾರೆಂದು ಲಿಂಗರಾಜು ಹೇಳಿದ. ಇಷ್ಟು ವರ್ಷದ ಸರ್ವಿಸಿನಲ್ಲಿ ಮಂಚಯ್ಯನನ್ನು ನೋಡಿ ಯಾರೂ ಹಾಗೆ ನಕ್ಕಿರಲಿಲ್ಲ. ಒಂದಾದರೂ ಸರ ಹೋಗಲಿ ಎಂದು ಅವನು ಒಳಗೊಳಗೇ ಬಯಸತೊಡಗಿದ. ಪೊಲೀಸಿನವನು ಕಳ್ಳನಿಗಾಗಿ ಕಾಯುವುದು ಸರಿ, ಕಳ್ಳತನಕ್ಕಾಗಿ ಕಾಯುವುದನ್ನು ಏನೆನ್ನೋಣ!

ಅಕ್ಕನ ಮದುವೆಗೆಂದು ಚೈತ್ರ ಪಿರಿಯಾಪಟ್ಟಣಕ್ಕೆ ಹೋದಾಗ ಬೆಳಗಿನ ಬೀಟು ಮಂಚಯ್ಯನಿಗೆ ಬಿತ್ತು. ನಿನ್ನೆ ಮೊನ್ನೆ ಬಂದ ಹುಡುಗಿ ಹಾಕಿದ ದಾರಿಯಲ್ಲಿ ತಾನು ಹೋಗುವುದೇ? ಬೈಕನ್ನು ಬಜಾರಿನ ಕಡೆಗೇ ತಿರುಗಿಸಿದ. ನಮಸ್ಕಾರಗಳು ಬಂದವು. ಟೀ ಕುಡಿದ.

ಠಾಣೆಗೆ ಮರಳಿದಾಗ ಹಿಂದಿನ ಬೀದಿಯ ಚಿಕ್ಕಬೀರಮ್ಮ ಬೆಂಚಿನ ಮೇಲೆ ಕೂತಿದ್ದಳು. ಬೆರಳಲ್ಲಿ ಇನ್ನೂ ರಂಗೋಲಿ ಪುಡಿ, ಕುತ್ತಿಗೆಯಲ್ಲಿ ಸರ ಎಳೆದ ಕೆಂಪು ಗೀರು. ದಿನಾ ಆ ಹೊತ್ತಿಗೆ ಪೊಲೀಸ್ ಬೈಕು ಬರುತ್ತಿತ್ತು, ಆ ಧೈರ್ಯದಲ್ಲೇ ತಾಳಿ ಸರಕ್ಕೆ ಸೆರಗು ಮುಚ್ಚದೆ ಬಗ್ಗಿದ್ದೆ ಎಂದು ಲಿಂಗರಾಜುವಿಗೆ ಹೇಳುತ್ತಿದ್ದಳು. ಲಿಂಗರಾಜು ಮಂಚಯ್ಯನ ಮುಖ ನೋಡಿದ.

"ನಾನೇ ಬೀಟಲ್ಲಿದ್ದೆ ಕಣವ್ವ. ನಿಮ್ ಬೀದಿಗೆ ಬರ್ನಿಲ್ಲ," ಎಂದ ಮಂಚಯ್ಯ.

ಆಕೆ ಬೈಯಲಿಲ್ಲ. ಕಣ್ಣೊರೆಸಿಕೊಂಡು, "ದಿನಾ ಬರೋ ಆ ಹೆಣ್ಮಗ ಯಾವಾಗ ಬತ್ತದೆ ಸಾಮಿ?" ಎಂದು ಕೇಳಿದಳು.

ಆ ಗೀರಿನ ಎದುರು ನಿಂತೂ ಮಂಚಯ್ಯನಿಗೆ ಮೊದಲು ಹುಟ್ಟಿದ್ದು ಚೈತ್ರಳ ಮೇಲಿನ ಹೊಟ್ಟೆಕಿಚ್ಚೇ.