ದಿಬ್ಬೂರಹಳ್ಳಿಯ ಊದುಬತ್ತಿ

ಶಿಡ್ಲಘಟ್ಟದ ಬಸ್ಸಿಗೆ ಕಾಯುತ್ತ ಇದನ್ನು ಗೀಚುತ್ತಿದ್ದೇನೆ. ಕೋಪ ಇನ್ನೂ ಇಳಿದಿಲ್ಲ.

‘ಉಸಿರಿನ ಧ್ಯಾನ, ಮೊದಲ ಪರಿಚಯ’ ಎಂಬ ಬ್ಯಾನರ್ ನೋಡಿ ಬೆಳಿಗ್ಗೆ ದಿಬ್ಬೂರಹಳ್ಳಿಯಲ್ಲಿ ಇಳಿದೆ. ರೇಷ್ಮೆಹುಳು ಸಾಕುವ ಮುನಿಲಕ್ಷ್ಮಮ್ಮನವರ ಪಡಸಾಲೆಯಲ್ಲಿ ಹತ್ತು ಜನ ಸೇರಿದ್ದರು. ಹುಳು ಪಕ್ಕದ ಕೋಣೆಯಲ್ಲೇ ಇದ್ದವು. ಆಕೆ ಎಲ್ಲರಿಗೂ ಕೈಕಾಲು ತೊಳೆಸಿ, ಬೆಂಗಳೂರಿನಿಂದ ಬಂದಿದ್ದ ಗುರುಗಳಿಗೂ ಹೇಳಿದರು: “ಹೊಗೆ, ಸೆಂಟು ಏನೂ ಬೇಡ ಸ್ವಾಮಿ. ಹುಳ ಜ್ವರಕ್ಕೆ ಕೂತವೆ.” ಹುಳು ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರಂತೆ. ಗುರುಗಳು ತಲೆಯಾಡಿಸಿದರು.

ಕಣ್ಣು ಮುಚ್ಚಿ, ಮೂಗಿನ ತುದಿಯಲ್ಲಿ ಬಂದುಹೋಗುವ ಉಸಿರನ್ನಷ್ಟೇ ಗಮನಿಸಿ ಎಂದರು. ನನಗೆ ಐದಾರು ಉಸಿರು ಸಿಕ್ಕಿದ್ದವೋ ಏನೋ, ಯಾರೋ ದಡಕ್ಕನೆ ಎದ್ದ ಸದ್ದಿಗೆ ಕಣ್ಣು ಬಿಟ್ಟೆ. ನಾವೆಲ್ಲ ಕಣ್ಣು ಮುಚ್ಚಿದ ಮೇಲೆ ಗುರು ಎನಿಸಿಕೊಂಡ ಈ ಮನುಷ್ಯ ಒಂದು ಹಿಡಿ ಊದುಬತ್ತಿ ಹಚ್ಚಿದ್ದರು. ಮುನಿಲಕ್ಷ್ಮಮ್ಮ ಅದನ್ನು ಕಿತ್ತು, ಕಾಲು ತೊಳೆದ ಬಕೆಟ್ಟಿನಲ್ಲಿ ಅದ್ದಿದರು.

“ಹುಳ ಉಸಿರಾಡೋದು ಬೇಡ್ವಾ?”

“ವಾತಾವರಣ ಚೆನ್ನಾಗಿರಲಿ ಅಂತ ಹಚ್ಚಿದೆನಮ್ಮ,” ಎಂದು ಗುರುಗಳು ನಕ್ಕರು. ಒಂದು ಬೆಳೆಯ ದುಡಿಮೆ ಗೋಡೆಯಾಚೆ ಮಲಗಿದೆ, ಇವರಿಗೆ ವಾತಾವರಣದ ಚಿಂತೆ. ಆ ನಗು ನೋಡಿ ನನಗೆ ಮೈಯೆಲ್ಲ ಉರಿಯಿತು. ಗುರುಗಳು ಅಷ್ಟಕ್ಕೇ ಬಿಡಲಿಲ್ಲ. “ಕೋಪ ಬಂದಾಗ ಉಸಿರು ಗಮನಿಸಬೇಕು. ಈಗಷ್ಟೇ ಹೇಳಿಕೊಟ್ಟೆನಲ್ಲ?”

“ಗಮನಿಸ್ತಾನೇ ಇದ್ದೆ ಸ್ವಾಮಿ,” ಎಂದರು ಆಕೆ, ಕಿಟಕಿ ತೆರೆಯುತ್ತ. “ಅದಕ್ಕೇ ಹೊಗೆ ಗೊತ್ತಾಗಿದ್ದು.”