ದೊಡ್ಡಮ್ಮ ಒತ್ತದ ಸಾಲು

ನನ್ನ ಅಕ್ಷರ ಚೆನ್ನಾಗಿಲ್ಲ, ಮೊದಲೇ ಕ್ಷಮೆ ಕೇಳುತ್ತೇನೆ. ಗೆರೆ ಹಾಕಿದ ಹಾಳೆಯಲ್ಲಿ ಬರೆದರೂ ಸಾಲುಗಳು ಬಲಕ್ಕೆ ಹೋಗುತ್ತಾ ಮೇಲೇರುತ್ತವೆ. ಒಂಬತ್ತನೇ ತರಗತಿಯ ಅರ್ಧಕ್ಕೇ ಶಾಲೆ ಬಿಟ್ಟವಳು ನಾನು, ದೊಡ್ಡ ಮಾತುಗಳೂ ಬರುವುದಿಲ್ಲ. ನಮ್ಮ ಚಿತ್ರಮಂದಿರದ ತಿಂಗಳ ಪುಸ್ತಿಕೆಯಲ್ಲಿ ಸಿನಿಮಾಗಳ ಪಟ್ಟಿ ಮುಗಿದ ಮೇಲೆ ಎರಡು ಪುಟ ಉಳಿಯುತ್ತವೆ. ಅಲ್ಲಿಗೆ ದೊಡ್ಡಮ್ಮನ ಬಗ್ಗೆ ಬರೆದುಕೊಡು ಎಂದು ಮ್ಯಾನೇಜರ್ ಹೇಳಿದರು. "ಹದಿನೇಳು ವರ್ಷ ಕೆಲಸ ಮಾಡಿ ಬಿಡ್ತಿದಾರೆ. ನಿನ್ನಷ್ಟು ಹತ್ತಿರದಿಂದ ಅವರನ್ನ ನೋಡಿದವರು ಯಾರಿದಾರೆ ಹೇಳು?" ಎಂದರು. ಹತ್ತಿರದಿಂದ ನೋಡಿದ್ದೇನೆ, ನಿಜ. ಕಷ್ಟವೂ ಅದೇ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ, ನಮ್ಮ ಜೊತೆಯೇ ಇರುತ್ತಾರೆ. ನೀವೆಲ್ಲ ಅವರನ್ನು ಸಬ್‌ಟೈಟಲ್ ಅಕ್ಕ ಎನ್ನುತ್ತೀರಿ. ಪರದೇಶದ ಸಿನಿಮಾ ನೋಡುವಾಗ ಪರದೆಯ ಕೆಳಗಿನ ಕಪ್ಪು ಪಟ್ಟಿಯಲ್ಲಿ ನಮ್ಮ ಭಾಷೆಯ ಸಾಲುಗಳು ಬರುತ್ತವಲ್ಲ, ಅವು ತಾವಾಗಿಯೇ ಬರುತ್ತವೆ ಎಂದು ಎಷ್ಟೋ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಹಿಂದಿನ ಗೋಡೆಗೆ ಒರಗಿದ ಪುಟ್ಟ ಮೇಜಿನ ಮುಂದೆ ದೊಡ್ಡಮ್ಮ ಕೂತಿರುತ್ತಾರೆ. ಬೆಳಕು ನಿಮ್ಮ ಕಣ್ಣಿಗೆ ಬೀಳದಿರಲೆಂದು ದೀಪಕ್ಕೆ ಕಪ್ಪು ಬಟ್ಟೆ ಹೊದಿಸಿರುತ್ತಾರೆ. ಒಂದೊಂದು ಮಾತಿಗೂ ಕಂಪ್ಯೂಟರಿನ ಕೀಲಿ ಒತ್ತಿ, ಒಂದೊಂದೇ ಸಾಲನ್ನು ಪಟ್ಟಿಗೆ ಕಳಿಸುತ್ತಾರೆ. ಒಂದು ಸಿನಿಮಾಕ್ಕೆ ಸಾವಿರಕ್ಕೂ ಹೆಚ್ಚು ಸಾಲು. ಆ ಸಾಲುಗಳನ್ನು ಇಂಗ್ಲಿಷ್ ಪ್ರತಿ ನೋಡಿಕೊಂಡು ನಮ್ಮ ಭಾಷೆಗೆ ತಂದವರೂ ಅವರೇ.

ಈ ಕೆಲಸಕ್ಕೆ ಬರುವ ಮುಂಚೆ ಅವರು ನೋಂದಣಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದರು. ಒಂದು ಮಧ್ಯಾಹ್ನ ಬಿಸಿಲು ತಾಳಲಾರದೆ, ಫ್ಯಾನ್ ಇರುತ್ತದೆ ಎಂದು ಟಿಕೆಟ್ ಕೊಂಡು ಒಳಗೆ ಬಂದರಂತೆ. ಪರದೆಯ ಮೇಲೆ ಯಾವುದೋ ದೇಶದ ಅಪ್ಪ ಮಗ ಜಗಳವಾಡುತ್ತಿದ್ದರು, ಕೆಳಗೆ ಇಂಗ್ಲಿಷ್ ಓಡುತ್ತಿತ್ತು. ಪಕ್ಕದ ಸೀಟಿನ ಹೆಂಗಸು, "ಏನಂತೆ ಅವನಿಗೆ? ಯಾಕೆ ಹಂಗೆ ಕೂಗ್ತಾನೆ?" ಎಂದು ಕೇಳಿದಳು. ದೊಡ್ಡಮ್ಮ ಪಿಸುಮಾತಿನಲ್ಲಿ ಹೇಳಿದರು. ಇನ್ನೊಂದು ಮಾತಿಗೂ ಹೇಳಿದರು. ಹಿಂದಿನ ಸಾಲಿನವನು ಅವರ ಭುಜ ತಟ್ಟಿದ. ಬೈಯುತ್ತಾನೆ ಎಂದುಕೊಂಡರೆ, "ಸ್ವಲ್ಪ ಜೋರಾಗಿ ಹೇಳೀಮ್ಮಾ, ನಮಗೂ ಕೇಳಲಿ" ಎಂದನಂತೆ. ಮುಂದಿನ ವಾರ ಮ್ಯಾನೇಜರ್ ನೋಂದಣಿ ಕಚೇರಿಗೇ ಬಂದು ಅವರನ್ನು ಹುಡುಕಿ, ಈ ಕೆಲಸಕ್ಕೆ ಕರೆದರು.

ಮನೆಯಲ್ಲಿ ಅವರು ಸಾಲು ತಿದ್ದುವುದನ್ನು ನೋಡಬೇಕು. ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು, ಪಾತ್ರಗಳಿಗೆಲ್ಲ ತಾವೇ ದನಿ ಕೊಟ್ಟು ಮಾತಾಡುತ್ತಾರೆ. ಒಂದು ಸಾಲು ಉದ್ದವಾದರೆ ಅವರಿಗೆ ಮೈಯೆಲ್ಲ ಉರಿ. "ಜನ ಮುಖ ನೋಡೋಕೆ ಬಂದಿರೋದು ಕಣೇ, ನನ್ನ ಅಕ್ಷರ ನೋಡೋಕಲ್ಲ. ಬೇಗ ಓದಿ ತಲೆ ಎತ್ತಬೇಕು ಅವರು" ಎನ್ನುತ್ತಾರೆ. ಒಮ್ಮೆ ಒಬ್ಬ ಹಡಗಿನವನ ಬೈಗುಳಕ್ಕೆ ಸರಿಯಾದ ಮಾತು ಸಿಗದೆ ಎರಡು ದಿನ ಒದ್ದಾಡಿದರು. ಕೊನೆಗೆ ಪ್ರೊಜೆಕ್ಟರ್ ನೋಡಿಕೊಳ್ಳುವ ಆಪರೇಟರ್ ಮಾಮನನ್ನೇ ಕೇಳಿದರು. ಮಾಮ ಮೊದಲು ಕಿವಿವರೆಗೂ ಕೆಂಪಾದರು. ಆಮೇಲೆ ಗೋಡೆ ಕಡೆ ತಿರುಗಿ ನಿಂತು ಹನ್ನೊಂದು ಬೈಗುಳ ಹೇಳಿದರು.

"ಅಬ್ಬಾ, ಇಷ್ಟೆಲ್ಲ ಎಲ್ಲಿ ಕಲಿತ್ರಿ ನೀವು?" ಎಂದರು ದೊಡ್ಡಮ್ಮ.

"ಎಲ್ಲಾ ಮನೇಲಿ ಸಿಕ್ಕಿದ್ದು, ಅಕ್ಕಾವ್ರೇ. ಇಪ್ಪತ್ತು ವರ್ಷ ಬೈಸಿಕೊಂಡಿದ್ದು ಇವತ್ತು ಒಂದು ಕೆಲಸಕ್ಕೆ ಬಂತು ನೋಡಿ."

ನಾನು ಶಾಲೆ ಬಿಟ್ಟಾಗ ಮನೆಯಲ್ಲಿ ಎಲ್ಲರೂ ಒಂದೊಂದು ಹೇಳಿದರು. ನನಗೆ ಪಾಠ ಬರುತ್ತಿರಲಿಲ್ಲ ಎಂದಲ್ಲ. ಎದ್ದು ನಿಂತು ಉತ್ತರ ಹೇಳು ಎಂದರೆ ಗೊತ್ತಿದ್ದ ಉತ್ತರವನ್ನೂ ತೊದಲುತ್ತಿದ್ದೆ, ಉಳಿದವರು ನಗುತ್ತಿದ್ದರು. ಒಂದು ದಿನ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ, ಹಾಗೇ ನಿಂತುಹೋಯಿತು. ಅಪ್ಪ ಮೂರು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ದೊಡ್ಡಮ್ಮ ಒಬ್ಬರೇ ಯಾಕೆ ಎಂದು ಕೇಳಲಿಲ್ಲ. "ನನ್ನ ಜೊತೆ ಬಾ. ಅಲ್ಲಿ ಕತ್ತಲು. ಯಾರೂ ನಿನ್ನ ನೋಡಲ್ಲ, ಏನೂ ಕೇಳಲ್ಲ" ಎಂದರು. ಅವರ ಪಕ್ಕ ಒಂದು ಸ್ಟೂಲ್ ಹಾಕಿಸಿದರು. ಅವರು ಒಂದು ಸಾಲು ಕಳಿಸಿದರೆ ನಾನು ಹಾಳೆಯಲ್ಲಿ ಅದರ ಮುಂದೆ ಪೆನ್ಸಿಲ್ಲಿನಿಂದ ಗೀಟು ಹಾಕಬೇಕು, ಅಷ್ಟೇ ನನ್ನ ಕೆಲಸ. ಎರಡು ವರ್ಷದಲ್ಲಿ ಒಂದು ಗೀಟೂ ತಪ್ಪಿಲ್ಲ.

ಕೀಲಿ ಒತ್ತುವ ಗುಟ್ಟನ್ನೂ ಅವರೇ ಹೇಳಿಕೊಟ್ಟಿದ್ದರು. ಮಾತು ಕೇಳಿದ ಮೇಲೆ ಒತ್ತಿದರೆ ತಡವಾಗುತ್ತದೆ. ಯಾವ ದೇಶದವರಾದರೂ ಮಾತಾಡುವ ಮುಂಚೆ ಉಸಿರು ಎಳೆದುಕೊಳ್ಳುತ್ತಾರೆ. ಆ ಉಸಿರಿಗೇ ಒತ್ತಬೇಕು. ದೊಡ್ಡಮ್ಮನಿಗೆ ಆ ಭಾಷೆಗಳು ಯಾವುವೂ ಬರುವುದಿಲ್ಲ, ಆ ಉಸಿರುಗಳೆಲ್ಲ ಗೊತ್ತು. ನಾನು ಸ್ಟೂಲಿನ ಮೇಲೆ ಕೂತು, ಒತ್ತದೇ ಇದ್ದರೂ ಪ್ರತಿ ಉಸಿರಿಗೂ ಮಡಿಲಲ್ಲಿ ಬೆರಳು ಆಡಿಸುತ್ತಿದ್ದೆ. ಒಂದೇ ಒಂದು ಸಾಲನ್ನು ನಾನು ಕಳಿಸಬೇಕು ಎಂದು ತುಂಬಾ ಆಸೆ ಇತ್ತು. ಕೇಳುವುದಕ್ಕೆ ನಾಚಿಕೆ.

ಹೋದ ತಿಂಗಳ ಒಂದು ಭಾನುವಾರ ನಾಲ್ಕು ಗಂಟೆಯ ಪ್ರದರ್ಶನಕ್ಕೆ ನೀವೂ ಬಂದಿದ್ದಿರಬಹುದು. ಆ ಸಿನಿಮಾ ಮಾಡಿದ ನಿರ್ದೇಶಕಿಯೇ ದೂರದಿಂದ ಬಂದು ಮೂರನೇ ಸಾಲಿನಲ್ಲಿ ಕೂತಿದ್ದರು. ಅದು ಅವರ ಮೊದಲ ಸಿನಿಮಾ. ಮೀನು ಹಿಡಿಯಲು ಹೋದ ಮಗ ಬರುವುದನ್ನೇ ಒಬ್ಬ ತಾಯಿ ಕಾಯುತ್ತಿರುತ್ತಾಳೆ. ನಡುವೆ ಏಳು ನಿಮಿಷ ಒಂದು ಮಾತೂ ಇಲ್ಲ. ತಾಯಿ ಮಗನ ಅಂಗಿಗೆ ಇಸ್ತ್ರಿ ಹಾಕುತ್ತಾಳೆ, ಗುಂಡಿ ಹೊಲಿಯುತ್ತಾಳೆ, ಕಿಟಕಿಗೆ ಹೋಗಿ ಬರುತ್ತಾಳೆ. ಮಗ ಬರುತ್ತಾನೋ ಇಲ್ಲವೋ ಅವಳಿಗೂ ಗೊತ್ತಿಲ್ಲ, ನೋಡುವವರಿಗೂ ಗೊತ್ತಿಲ್ಲ. ಆಮೇಲೆ ಫೋನ್ ಬರುತ್ತದೆ.

ದೊಡ್ಡಮ್ಮನಿಗೆ ಅವತ್ತು ಕೆಮ್ಮು. ಆ ಏಳು ನಿಮಿಷ ಶುರುವಾದಾಗ ಸೆರಗು ಬಾಯಿಗೆ ಒತ್ತಿಕೊಂಡು, "ಈಗ ಕೆಮ್ಮಿದ್ರೆ ಪಾಪ ಆಯಮ್ಮ ಇಸ್ತ್ರಿ ಬಿಟ್ಟು ನನ್ನ ಕಡೆ ನೋಡ್ತಾಳೆ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಎಡಗೈಯನ್ನು ಮೇಜಿನ ಮೇಲೆ, ಕೀಲಿಗಳ ಪಕ್ಕದಲ್ಲೇ ಊರಿ, ಕೆಳಗಿದ್ದ ಚೀಲದಿಂದ ನೀರಿನ ಬಾಟಲಿ ತೆಗೆಯಲು ಬಗ್ಗಿದರು. ಪರದೆಯ ಮೇಲೆ ತಾಯಿ ಕಿಟಕಿಯ ಹತ್ತಿರ ನಿಂತು ಉದ್ದಕ್ಕೆ ಉಸಿರು ಎಳೆದುಕೊಂಡಳು. ತುಟಿ ತೆರೆದಳು. ಏಳು ನಿಮಿಷದ ವಿಷಯ ನನಗೆ ಗೊತ್ತಿತ್ತು, ಹಾಳೆಯಲ್ಲಿ ಅಲ್ಲಿ ಒತ್ತಬಾರದು ಎಂಬ ಕೆಂಪು ಗೆರೆಯೂ ಇತ್ತು. ಆದರೂ, ಇವಳು ಈಗ ಮಾತಾಡುತ್ತಾಳೆ, ದೊಡ್ಡಮ್ಮನಿಗೆ ಕಂಡಿಲ್ಲ ಎಂದು ಅನ್ನಿಸಿಬಿಟ್ಟಿತು. ನನ್ನ ಬೆರಳು ಕೀಲಿಯ ಮೇಲೆ ಹೋಯಿತು.

"ದೋಣಿ ಸಿಕ್ಕಿದೆ. ಹುಡುಗ ಸಿಕ್ಕಿಲ್ಲ."

ಫೋನಿನಲ್ಲಿ ಬರಬೇಕಾದ ಮಾತು ಅದು. ತಾಯಿ ಕಿಟಕಿ ಬಿಟ್ಟು ಬಂದು ಮತ್ತೆ ಅಂಗಿಯ ಕಾಲರ್ ಸರಿಮಾಡುತ್ತಿದ್ದಳು. ಸಭಾಂಗಣದಲ್ಲಿ "ಅಯ್ಯೋ" ಎಂಬ ಸದ್ದು ಹಬ್ಬಿತು. ದೊಡ್ಡಮ್ಮ ತಲೆ ಎತ್ತಿ ನೋಡಿ, ಸಾಲು ಅಳಿಸುವ ಕೀಲಿ ಒತ್ತುವ ಬದಲು ಗಾಬರಿಯಲ್ಲಿ ಹಿಂದಕ್ಕೆ ಹೋಗುವ ಕೀಲಿ ಒತ್ತಿದರು. ಹಳೆಯ ಸಾಲು ಬಂತು. "ಆ ಬೆಕ್ಕನ್ನು ಹೊರಗೆ ಹಾಕು." ಮುಂದಿನ ಸಾಲುಗಳಲ್ಲಿ ಕೆಲವರು ನಕ್ಕರು. ಆಮೇಲೆ ಪಟ್ಟಿ ಕಪ್ಪಾಯಿತು. ಅಷ್ಟರಲ್ಲಿ ನನ್ನ ಕೈ ನನ್ನ ಮಡಿಲಿನಲ್ಲಿತ್ತು. ದೊಡ್ಡಮ್ಮ ಕೀಲಿಗಳ ಪಕ್ಕದಲ್ಲಿದ್ದ ತಮ್ಮ ಎಡಗೈಯನ್ನೇ ನೋಡುತ್ತಿದ್ದರು.

ಸಿನಿಮಾ ಮುಗಿದು ದೀಪ ಹತ್ತಿದ ಮೇಲೆ ನಿರ್ದೇಶಕಿ ವೇದಿಕೆಗೆ ಹೋದರು. ದುಭಾಷಿಯ ಮೂಲಕ ಮೊದಲು ಕೇಳಿದ್ದೇ ಅದನ್ನು. "ಇಸ್ತ್ರಿ ಹಾಕುವಾಗ ಎಲ್ಲರೂ ಯಾಕೆ ನೊಂದುಕೊಂಡಿರಿ? ಆಮೇಲೆ ಯಾಕೆ ನಕ್ಕಿರಿ? ನಮ್ಮ ಊರಿನಲ್ಲಿ ಹೀಗೆ ಆಗಿರಲಿಲ್ಲ." ಮ್ಯಾನೇಜರ್ ನೆಲ ನೋಡಿದರು. ದೊಡ್ಡಮ್ಮ ನನ್ನ ಕಡೆ ಬಗ್ಗಿ, "ನೀನೇನಾದ್ರೂ ಮುಟ್ಟಿದ್ಯಾ ಪುಟ್ಟಿ?" ಎಂದರು. ಬೈಯುವ ದನಿಯಲ್ಲ, ಗೀಟು ಹಾಕಿದ್ಯಾ ಎಂದು ಕೇಳುವ ದನಿ. ನಾನು ಇಲ್ಲ ಎಂದು ತಲೆ ಅಲ್ಲಾಡಿಸಿದೆ.

ಅವರು ಎದ್ದು ನಿಂತು, ಅಷ್ಟು ಜನರ ಮುಂದೆ, "ನನ್ನ ಕೈ ತಪ್ಪಿತು, ತಾಯೀ. ನಿಮ್ಮ ಸಿನಿಮಾ ಕೆಡಿಸಿಬಿಟ್ಟೆ. ಕ್ಷಮಿಸಿ" ಎಂದರು. ದುಭಾಷಿ ಅದನ್ನು ಹೇಳಿದ ಮೇಲೆ ನಿರ್ದೇಶಕಿ ಕೋಪ ಮಾಡಿಕೊಳ್ಳಲಿಲ್ಲ. ಪರವಾಗಿಲ್ಲ ಎಂದರು. ಆಮೇಲೆ ಮೆಲ್ಲಗೆ, "ಆ ಏಳು ನಿಮಿಷಕ್ಕೋಸ್ಕರವೇ ಈ ಸಿನಿಮಾ ಮಾಡಿದ್ದೆ" ಎಂದರು.

ವಿಷಯ ಅಲ್ಲಿಗೇ ಮುಗಿದಿದ್ದರೆ ನಾನು ಬಹುಶಃ ಜೀವನಪೂರ್ತಿ ಬಾಯಿ ಬಿಡುತ್ತಿರಲಿಲ್ಲ, ಅಷ್ಟು ಹೇಡಿ ನಾನು. ಆದರೆ ನಾನು ತಲೆ ಅಲ್ಲಾಡಿಸಿದ್ದನ್ನು ದೊಡ್ಡಮ್ಮ ನಂಬಿಬಿಟ್ಟರು. ನಾನು ಮುಟ್ಟಿಲ್ಲ ಎಂದ ಮೇಲೆ ಅವರದೇ ಕೈ ತಾಗಿರಬೇಕು, ತಾಗಿದ್ದು ಅವರಿಗೇ ಗೊತ್ತಾಗಿಲ್ಲ ಎಂದಾಯಿತು. ಮಾರನೆಯ ದಿನ ಬೆಳಿಗ್ಗೆ ಅಮ್ಮನಿಗೆ, "ಇನ್ನು ಹಾಲಿನ ಪಾತ್ರೆ ನೀನೇ ಇಳಿಸು" ಎಂದರು. ಸೂಜಿ ಮುಟ್ಟುವುದು ಬಿಟ್ಟರು. ಒಂದು ದಿನ ಹಿತ್ತಿಲ ಬಾಗಿಲ ಮರೆಯಿಂದ ನೋಡಿದೆ. ಲೋಟದ ತುಂಬ ನೀರು ಹಿಡಿದು, ಅಡುಗೆಮನೆಯಿಂದ ನಲ್ಲಿಯವರೆಗೆ ನಡೆದು ಹೋಗಿ, ಬಗ್ಗಿ ನೆಲದ ಮೇಲೆ ಹನಿ ಬಿದ್ದಿದೆಯೇ ಎಂದು ಹುಡುಕುತ್ತಿದ್ದರು. ಡಾಕ್ಟರು ನರ ಸರಿಯಾಗಿದೆ ಎಂದರು. "ಅವರಿಗೇನು ಗೊತ್ತು, ಅವರು ಕೂತಿದ್ರಾ ಅಲ್ಲಿ?" ಎಂದು ಮನೆಗೆ ಬಂದು, ಕೆಲಸ ಬಿಡುವ ಪತ್ರವನ್ನು ತಾವೇ ಟೈಪ್ ಮಾಡಿದರು. ಒಂದೊಂದು ಅಕ್ಷರಕ್ಕೂ ಬೆರಳನ್ನು ದಿಟ್ಟಿಸಿ ನೋಡಿಕೊಂಡು ಮಾಡಿದರು. ಕಣ್ಣು ಮುಚ್ಚಿಕೊಂಡು ಟೈಪ್ ಮಾಡುತ್ತಿದ್ದವರು ಅವರು.

ಮ್ಯಾನೇಜರ್ ಮನೆಗೇ ಬಂದು ಬೇಡ ಎಂದರು. "ಒಂದು ಸಲ ತಪ್ಪಿದ್ದಕ್ಕೆ ಯಾರಾದ್ರೂ ಹೀಗೆ ಮಾಡ್ತಾರಾ ಅಕ್ಕಾ?"

"ಎರಡು ಸಲ ತಪ್ಪಿದೆ. ಒಂದು ಮುಂದಕ್ಕೆ, ಒಂದು ಹಿಂದಕ್ಕೆ" ಎಂದರು ದೊಡ್ಡಮ್ಮ. "ಇನ್ನೊಂದು ಮಗೂನ ಸಿನಿಮಾ ಕೆಡಿಸೋ ಶಕ್ತಿ ನನಗಿಲ್ಲ ಕಣಪ್ಪಾ. ನಮ್ಮ ಹುಡುಗಿ ಇದಾಳಲ್ಲ, ಅವಳನ್ನ ಕೂರಿಸು."

ಹೀಗೆ ಆ ಕುರ್ಚಿ ನನಗೆ ಬಂದಿದೆ. ಈ ಶುಕ್ರವಾರದಿಂದ. ಅಪ್ಪ ತುಂಬಾ ದಿನದ ಮೇಲೆ ನನ್ನ ಜೊತೆ ನಗುತ್ತಾ ಮಾತಾಡಿದರು. ಆಪರೇಟರ್ ಮಾಮ "ಏನು ಮೇಡಂ, ಇನ್ಮೇಲೆ ನಿಮ್ಮ ಅಪ್ಪಣೆ ಇಲ್ದೆ ಪರದೇಶದವರು ಬಾಯಿ ಬಿಡೋ ಹಂಗಿಲ್ವಾ?" ಎಂದು ಕಾಡಿಸಿದರು. ನಾನು ನಕ್ಕೆ.

ಇವತ್ತು ಬೆಳಿಗ್ಗೆ ದೊಡ್ಡಮ್ಮ ಶುಕ್ರವಾರದ ಸಿನಿಮಾದ ಹಾಳೆಗಳನ್ನು ನನ್ನ ಮುಂದಿಟ್ಟರು. ಯಾವ ಮುದುಕ ಮಾತಾಡುವ ಮುಂಚೆ ಮೂಗು ಒರೆಸುತ್ತಾನೆ, ಯಾವ ಹುಡುಗಿ ಉಸಿರು ತೆಗೆದುಕೊಳ್ಳದೆಯೇ ಶುರುಮಾಡುತ್ತಾಳೆ ಎಂದು ಪಕ್ಕದಲ್ಲಿ ಬರೆದಿದ್ದರು. ನನ್ನ ಬಲಗೈಯನ್ನು ತಮ್ಮ ಎರಡು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಹೆದರಬೇಡ. ಈ ಕೈ ನಂಬಬಹುದು. ನನ್ನದನ್ನ ನಂಬೋ ಹಾಗಿಲ್ಲ" ಎಂದರು. ನಾನು ಕೈ ಎಳೆದುಕೊಂಡೆ. ಹೆದರಿಕೆ ಎಂದುಕೊಂಡು ತಲೆ ಸವರಿದರು.

ಮ್ಯಾನೇಜರ್ ಸಾರ್, ನೀವು ಕೇಳಿದ್ದು ಬೀಳ್ಕೊಡುಗೆಯ ಬರಹ. ನಾನು ಬರೆದಿದ್ದು ಹೀಗಾಗಿದೆ. ಅವತ್ತು ಮುಂಚಿತವಾಗಿ ಬಂದ ಸಾಲನ್ನು ಒತ್ತಿದ್ದು ನಾನು. ದೊಡ್ಡಮ್ಮನ ಕೈ ಮೇಜಿನ ಮೇಲೆ ಕದಲದೆ ಇತ್ತು, ನಾನು ನೋಡಿದ್ದೇನೆ. ಅವರು ಹಿಂದಿನ ಕೀಲಿ ಒತ್ತಿದ್ದು ನನ್ನಿಂದಾದ ಗಾಬರಿಗೆ. ಇದನ್ನು ಅಚ್ಚು ಹಾಕಿಸಿ, ಆ ದಿನ ಬಂದಿದ್ದವರೆಲ್ಲ ಓದಲಿ. ನಿರ್ದೇಶಕಿಯ ವಿಳಾಸ ನಿಮ್ಮ ಹತ್ತಿರ ಇದ್ದರೆ ಕೊಡಿ, ಅವರಿಗೂ ಬರೆಯಬೇಕು.

ದೊಡ್ಡಮ್ಮ ಈಗ ಅಡುಗೆಮನೆಯಲ್ಲಿದ್ದಾರೆ. ನಾನು ಒಳಗೆ ಹೋಗಿ, ಮುಟ್ಟಿದ್ದು ನಾನೇ ಎಂದು ಅವರಿಗೆ ಹೇಳುತ್ತೇನೆ. ಆಮೇಲೆ ಈ ಹಾಳೆಗಳನ್ನು ಚಿತ್ರಮಂದಿರಕ್ಕೆ ತಂದುಕೊಡುತ್ತೇನೆ. ಶುಕ್ರವಾರ ಆ ಕುರ್ಚಿಯಲ್ಲಿ ನಾನು ಕೂರುವುದಿಲ್ಲ.